ಹೋಮ್ ನರ್ಸ್ ಬೆನ್ನಿಗೆ ಹೊಣೆ ಯಾರು?

ಹಾಸಿಗೆ ಹಿಡಿದ ರೋಗಿಯನ್ನು ಮಗ್ಗುಲು ಹೊರಳಿಸಲು ಒಳ್ಳೆಯ ಆಸ್ಪತ್ರೆಯಲ್ಲಿ ಇಬ್ಬರು ಬರುತ್ತಾರೆ, ಮಂಚವನ್ನು ಸೊಂಟದ ಎತ್ತರಕ್ಕೆ ಏರಿಸಿಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಅದೇ ಕೆಲಸಕ್ಕೆ ಹೋಮ್ ನರ್ಸ್ ಒಬ್ಬಳೇ. ಗೋಡೆಗೆ ಒತ್ತಿಸಿಟ್ಟ ತಗ್ಗಿನ ದಿವಾನದ ಮೇಲೆ ಬಗ್ಗಿ, ತನಗಿಂತ ಭಾರದ ಮೈಯನ್ನು ಎರಡು ಗಂಟೆಗೊಮ್ಮೆ ತಿರುಗಿಸಬೇಕು, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳಬೇಕು. ರಾತ್ರಿಯೂ ಬಿಡುವಿಲ್ಲ. ಡೈಪರ್ ಬದಲಿಸುವಾಗ, ಕಮೋಡಿನಿಂದ ಎಬ್ಬಿಸುವಾಗ, ಒದ್ದೆ ಬಚ್ಚಲಲ್ಲಿ ಮೀಯಿಸುವಾಗ ಭಾರವೆಲ್ಲ ಆಕೆಯ ಸೊಂಟದ ಮೇಲೆ. ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವುದು, ಮರೆವಿನ ಕಾಯಿಲೆಯ ಹಿರಿಯರಿಂದ ಏಟು ತಿನ್ನುವುದು ಬೇರೆ.

ಸೊಂಟ ಹಿಡಿದ ದಿನ ಏಜೆನ್ಸಿ ಇನ್ನೊಬ್ಬಳನ್ನು ಕಳಿಸುತ್ತದೆ. ಇವಳು ಬ್ಯಾಗು ಹಿಡಿದು ಊರಿನ ಬಸ್ಸು ಹತ್ತುತ್ತಾಳೆ. ಪರಿಹಾರ ಕೇಳಿದರೆ, ‘ನಾವು ಜನ ಒದಗಿಸುವವರಷ್ಟೇ’ ಎನ್ನುತ್ತದೆ ಏಜೆನ್ಸಿ. ‘ಏಜೆನ್ಸಿಗೆ ದುಡ್ಡು ಕಟ್ಟಿದ್ದೇವಲ್ಲ’ ಎನ್ನುತ್ತಾರೆ ಮನೆಯವರು. ನೇಮಕಾತಿ ಪತ್ರವೂ ಇಲ್ಲದ ಹೆಂಗಸು ಯಾರ ಮೇಲೆ ಅರ್ಜಿ ಹಾಕಬೇಕು?

ಕೆಲಸದಲ್ಲಿ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾಯ್ದೆ ನಮ್ಮಲ್ಲಿ 1923ರಿಂದ ಇದೆ; ಈಗ ಅದು 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಗಣಿ, ಕಾರ್ಖಾನೆಗಳ ಕಾಲದಲ್ಲಿ ಹುಟ್ಟಿದ ಆ ಕಾಯ್ದೆಯ ಗಾಯದ ಪಟ್ಟಿಯಲ್ಲಿ ತುಂಡಾದ ಬೆರಳು, ಹೋದ ಕಣ್ಣು, ಕತ್ತರಿಸಿದ ಕಾಲಿಗೆ ಲೆಕ್ಕವಿದೆ. ಜಾರಿದ ಡಿಸ್ಕಿಗೆ ಇಲ್ಲ. ದುಡಿಯುವ ಶಕ್ತಿ ಎಷ್ಟು ಹೋಯಿತೆಂದು ವೈದ್ಯರು ಬರೆದುಕೊಡಬೇಕು. 15,000 ರೂಪಾಯಿ ಸಂಬಳದ, 40 ವರ್ಷದ ಹೆಂಗಸಿಗೆ ಶೇ 30ರಷ್ಟು ಶಕ್ತಿ ಶಾಶ್ವತವಾಗಿ ಹೋಯಿತೆಂದರೆ ಹಳೆಯ ಕಾಯ್ದೆಯ ಸೂತ್ರದಂತೆ ಸುಮಾರು 5 ಲಕ್ಷ ರೂಪಾಯಿ ಆಗುತ್ತದೆ. ಅಷ್ಟು ಹಣ ತನಗೆ ಸಲ್ಲಬಹುದೆಂದು ಆಕೆಗೆ ಹೇಳುವವರೇ ಇಲ್ಲ.

ನನ್ನ ಮಟ್ಟಿಗೆ ಮಾಲೀಕ ಯಾರೆಂಬುದರಲ್ಲಿ ಗೊಂದಲವಿಲ್ಲ. ಆಕೆ ಯಾವ ಮನೆಗೆ ಹೋಗಬೇಕು, ಎಂದು ವಾಪಸ್ ಬರಬೇಕು, ಕೈಗೆಷ್ಟು ಸಿಗಬೇಕು ಎಂದು ತೀರ್ಮಾನಿಸಿ, ತಿಂಗಳು ತಿಂಗಳೂ ತನ್ನ ಪಾಲು ಹಿಡಿದುಕೊಳ್ಳುವ ಏಜೆನ್ಸಿಯೇ ಮಾಲೀಕ. ಹತ್ತು ಅಥವಾ ಹೆಚ್ಚು ಜನರನ್ನು ದುಡಿಸುವ ಸಂಸ್ಥೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಇಎಸ್‌ಐ ಕಟ್ಟಬೇಕು. ಕಟ್ಟಿದ್ದರೆ ಕೆಲಸದ ಗಾಯಕ್ಕೆ ಚಿಕಿತ್ಸೆ ಉಚಿತ. ಮಲಗಿದ ದಿನಗಳಿಗೆ ಸಂಬಳದ ಸುಮಾರು ಶೇ 90ರಷ್ಟು ಕೈಗೆ ಬರುತ್ತದೆ. ಕಾರ್ಮಿಕ ಇಲಾಖೆ ಈ ಏಜೆನ್ಸಿಗಳ ಬಾಗಿಲು ತಟ್ಟಿ ಹಾಜರಿ ಪುಸ್ತಕ ಕೇಳಬೇಕು. ಇಎಸ್‌ಐ ತಪ್ಪಿಸುವವರನ್ನು ‘ಮಧ್ಯವರ್ತಿ’ ಎಂಬ ನೆಪಕ್ಕೆ ಬಿಟ್ಟುಬಿಡಕೂಡದು.

ಮನೆಯವರಿಗೂ ಒಂದು ಮಾತು. ಹೋಮ್ ನರ್ಸ್ ಬೇಕೆಂದು ಏಜೆನ್ಸಿಗೆ ಫೋನ್ ಮಾಡುವಾಗ ಆಕೆಯ ಇಎಸ್‌ಐ ನಂಬರ್ ಕೇಳಿ. ನಿಮ್ಮ ಮನೆಯಲ್ಲಿ ಆಕೆಗೆ ಪೆಟ್ಟಾದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಎಲ್ಲಿ, ಹೇಗಾಯಿತೆಂದು ಚೀಟಿಯಲ್ಲಿ ಬರೆಸಿ, ನೀವೂ ಬರೆದು ಸಹಿ ಹಾಕಿಕೊಡಿ. ನಾಲ್ಕು ಗೋಡೆಗಳ ನಡುವೆ ಆದ ಗಾಯಕ್ಕೆ ನಿಮ್ಮನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.