ದುಡಿಮೆಯೂ ತಿಳಿವಳಿಕೆಯೂ

ದೊಡ್ಡ ಕಾರ್ಖಾನೆಯೊಂದರ ಮುಂದೆ ಹಾದುಹೋಗುವಾಗ ಅದರ ಹೆಬ್ಬಾಗಿಲ ಬಳಿ ಒಂದು ಫಲಕವನ್ನು ನೀವು ಕಂಡಿರಬಹುದು. ಹಸಿರು ಬಣ್ಣದ ಹಲಗೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ‘ಸುರಕ್ಷತೆಯೇ ಮೊದಲು’ ಎಂದಿರುತ್ತದೆ. ಅದರ ಕೆಳಗೆ, ಎಚ್ಚರದಿಂದ ಕೆಲಸ ಮಾಡಿರಿ, ಮನೆಯಲ್ಲಿ ನಿಮ್ಮವರು ಕಾಯುತ್ತಿದ್ದಾರೆ ಎಂಬರ್ಥದ ಇನ್ನೊಂದು ಮಾತಿರುತ್ತದೆ. ರಾಷ್ಟ್ರೀಯ ಸುರಕ್ಷತಾ ಮಂಡಳಿಯು ಸ್ಥಾಪನೆಯಾದುದು 1966ರ ಮಾರ್ಚ್ 4ರಂದು. ಅದರ ನೆನಪಿಗಾಗಿ 1972ರಿಂದ ಪ್ರತಿ ವರ್ಷವೂ ಆ ದಿನವನ್ನು ಸುರಕ್ಷತಾ ದಿನವೆಂದು ಆಚರಿಸುತ್ತಾರೆ. ಅಂದು ಬಾವುಟ ಏರುತ್ತದೆ, ಕಾರ್ಮಿಕರು ಸಾಲಾಗಿ ನಿಂತು ಪ್ರತಿಜ್ಞೆ ಸ್ವೀಕರಿಸುತ್ತಾರೆ, ಭಾಷಣಗಳಾಗುತ್ತವೆ. ಇವೆಲ್ಲ ಒಳ್ಳೆಯವೇ. ಆದರೆ ಆ ಫಲಕವನ್ನು ಇನ್ನೊಮ್ಮೆ ಓದಿ ನೋಡಿ. ಅದು ಮಾತನಾಡುತ್ತಿರುವುದು ಯಾರೊಡನೆ? ಕೆಲಸ ಮಾಡುವವನೊಡನೆ. ಕೆಲಸ ಮಾಡಿಸುವವನನ್ನು ಕುರಿತು ಅದರಲ್ಲಿ ಒಂದು ಮಾತೂ ಇಲ್ಲ.

ದುಡಿಯುವವನಿಗೆ ಸುರಕ್ಷತೆಯ ಶಿಕ್ಷಣ ಬೇಕು, ಸಂದೇಹವಿಲ್ಲ. ಆದರೆ ಆ ಪಾಠ ಮೊದಲು ಆಗಬೇಕಾದುದು ದುಡಿಸುವವನಿಗೆ ಎಂಬುದು ನನ್ನ ಅಭಿಪ್ರಾಯ. ಯಂತ್ರವನ್ನು ಕೊಳ್ಳುವವನು ಅವನು. ಅದನ್ನು ಎಲ್ಲಿ ಇಡಬೇಕು, ಎಷ್ಟು ವೇಗದಲ್ಲಿ ಓಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ನಿರ್ಧರಿಸುವವನೂ ಅವನೇ. ಇವುಗಳಲ್ಲಿ ಒಂದನ್ನೂ ಬದಲಿಸುವ ಅಧಿಕಾರವಿಲ್ಲದವನನ್ನು ಸಾಲಿನಲ್ಲಿ ನಿಲ್ಲಿಸಿ ಪ್ರತಿಜ್ಞೆ ಮಾಡಿಸಿದರೆ ಅರ್ಧ ಪಾಠವಷ್ಟೇ ಆದೀತು.

ನಮ್ಮಲ್ಲಿ ಅಪಘಾತವಾದೊಡನೆ ಎರಡು ಮಾತುಗಳು ಕೇಳಿಬರುತ್ತವೆ. ‘ಅವನ ಗ್ರಹಚಾರ’ ಎನ್ನುವವರು ಕೆಲವರು; ‘ಅವನ ಅಜಾಗರೂಕತೆ’ ಎನ್ನುವವರು ಉಳಿದವರು. ಮೊದಲನೆಯ ಮಾತಿನಲ್ಲಿ ಕರುಣೆಯಿದೆ, ಎರಡನೆಯದರಲ್ಲಿ ಅದೂ ಇಲ್ಲ. ಎರಡರಿಂದಲೂ ಆಗುವ ಫಲ ಮಾತ್ರ ಒಂದೇ: ಯಂತ್ರದ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ.

ನನ್ನ ಬಳಿ ಓದಿದ ಹುಡುಗನೊಬ್ಬ ಬೆಂಗಳೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದನು. ತಗಡನ್ನು ಅಚ್ಚಿನಲ್ಲಿಟ್ಟು ಒತ್ತುವ ಪವರ್ ಪ್ರೆಸ್ ಎಂಬ ಯಂತ್ರದ ಮುಂದೆ ಅವನ ಕೆಲಸ. ಎಡಗೈಯಿಂದ ತಗಡನ್ನು ಒಳಗಿಡಬೇಕು, ಕಾಲಿನಿಂದ ಪೆಡಲನ್ನು ಒತ್ತಬೇಕು; ಮೇಲಿನ ಅಚ್ಚು ಇಳಿದು ಮೇಲೇರುವಷ್ಟರಲ್ಲಿ ಮುಂದಿನ ತಗಡು ಸಿದ್ಧವಾಗಿರಬೇಕು. ದಿನಕ್ಕೆ ಸಾವಿರಾರು ಸಲ ಇದೇ ಕ್ರಿಯೆ. ಕೂಲಿ ದಿನದ ಲೆಕ್ಕವಲ್ಲ, ತುಂಡಿನ ಲೆಕ್ಕ. ಯಂತ್ರದೊಡನೆ ಬಂದಿದ್ದ ರಕ್ಷಣೆಯ ಜಾಲರಿಯನ್ನು, ಕೈಗೆ ಅಡ್ಡಬರುತ್ತದೆಂದು ಹಿಂದೆಯೇ ಬಿಚ್ಚಿ ಮೂಲೆಗಿಟ್ಟಿದ್ದರು. ಒಂದು ಸಂಜೆ ಕಾಲು ಮುಂದಾಯಿತು, ಕೈ ಹಿಂದಾಯಿತು. ಎರಡು ಬೆರಳುಗಳು ಹೋದವು. ಅವನನ್ನು ನೋಡಲು ಹೋದಾಗ ಅವನೇ ನನಗೆ ಹೇಳಿದನು: “ನನ್ನದೇ ತಪ್ಪು, ಮೇಷ್ಟ್ರೇ. ಗಮನ ಎಲ್ಲೋ ಇತ್ತು.” ಬೆರಳು ಕಳೆದುಕೊಂಡ ನೋವಿಗಿಂತ ಹೆಚ್ಚಾಗಿ ಆ ಮಾತು ನನ್ನನ್ನು ಕಲಕಿತು. ಹತ್ತು ಗಂಟೆಗಳ ದುಡಿಮೆಯಲ್ಲಿ ಮನುಷ್ಯನ ಗಮನ ಒಂದು ಕ್ಷಣ ಎಲ್ಲಿಗೋ ಹೋಗದೆ ಇರುತ್ತದೆಯೆ? ಪಾಠ ಕೇಳುತ್ತಿರುವ ನಿಮ್ಮ ಗಮನ ಈಗ ಎಷ್ಟು ಸಲ ಕಿಟಕಿಯಾಚೆ ಹೋಗಿ ಬಂದಿದೆಯೋ ನೀವೇ ಲೆಕ್ಕ ಹಾಕಿಕೊಳ್ಳಿ.

ಇಂಥ ಯಂತ್ರಕ್ಕೆ ಪೆಡಲಿನ ಬದಲು ಎರಡು ಗುಂಡಿಗಳನ್ನು ಜೋಡಿಸುವ ಕ್ರಮವುಂಟು. ಒಂದು ಎಡಕ್ಕೆ, ಒಂದು ಬಲಕ್ಕೆ, ನಡುವೆ ಸಾಕಷ್ಟು ಅಂತರ. ಎರಡನ್ನೂ ಏಕಕಾಲಕ್ಕೆ ಒತ್ತಿದರಷ್ಟೇ ಅಚ್ಚು ಇಳಿಯುತ್ತದೆ. ಎರಡು ಕೈಗಳೂ ಗುಂಡಿಗಳ ಮೇಲಿರುವಾಗ ಅಚ್ಚಿನೊಳಗೆ ಅವನ ಯಾವ ಕೈ ಇರಲು ಸಾಧ್ಯ? ಇಲ್ಲಿ ಕೆಲಸಗಾರನ ಗಮನ ತಪ್ಪಿದರೂ ಬೆರಳು ಉಳಿಯುತ್ತದೆ. ಈ ವಿಷಯವನ್ನು ಬಲ್ಲವರು ಒಂದು ಕ್ರಮವನ್ನು ಹೇಳುತ್ತಾರೆ. ಅಪಾಯವನ್ನೇ ತೆಗೆದುಹಾಕಲು ಸಾಧ್ಯವೇ ಎಂದು ಮೊದಲು ನೋಡಬೇಕು. ಆಗದಿದ್ದರೆ ಅಪಾಯಕ್ಕೂ ಮನುಷ್ಯನಿಗೂ ನಡುವೆ ತಡೆಯನ್ನು ಕಟ್ಟಬೇಕು. ಆಮೇಲೆ ಕೆಲಸದ ವಿಧಾನವನ್ನು ತಿದ್ದಬೇಕು. ಶಿರಸ್ತ್ರಾಣ, ಕೈಗವಸು, ಮುಖಗವಸುಗಳ ಸರದಿ ಕಡೆಯದು. ನಮ್ಮಲ್ಲಿ ಬಹುಮಟ್ಟಿಗೆ ಕಡೆಯದರಿಂದಲೇ ಪ್ರಾರಂಭ, ಅಲ್ಲಿಗೇ ಮುಕ್ತಾಯ. ಹೆಲ್ಮೆಟ್ ಹಂಚಿದ ಭಾವಚಿತ್ರ ಪತ್ರಿಕೆಯಲ್ಲಿ ಬಂದರೆ ಸುರಕ್ಷತೆ ಬಂದಂತೆಯೇ ಎಂದು ತಿಳಿಯುವವರೂ ಇದ್ದಾರೆ.

ಕಣ್ಣಿಗೆ ಕಾಣುವ ಗಾಯದ ಮಾತಾಯಿತು. ಕಾಣದೆ ಕೊಲ್ಲುವ ಕೆಲಸಗಳು ಇನ್ನೂ ಹೆಚ್ಚು. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 30 ಲಕ್ಷ ಮಂದಿ ದುಡಿಮೆಯ ಕಾರಣದಿಂದ ಸಾಯುತ್ತಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2023ರಲ್ಲಿ ಅಂದಾಜು ಮಾಡಿತು. ಅವರಲ್ಲಿ 26 ಲಕ್ಷದಷ್ಟು ಜನ ಸಾಯುವುದು ಅಪಘಾತದಿಂದಲ್ಲ, ಕೆಲಸದಿಂದ ಬಂದ ಕಾಯಿಲೆಗಳಿಂದ. ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಗಳು ನಮ್ಮ ನಾಡಿನ ಹೆಮ್ಮೆಯಾಗಿದ್ದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಮೊದಲು ಹರಿದುದು ಅಲ್ಲಿಗೆ. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಮನುಷ್ಯರು ಇಳಿದು ಬಂಡೆಯನ್ನು ಕೊರೆದರು. ಶಿಲೆಯೇ ಸಿಡಿದು ಸತ್ತವರ ಸಂಗತಿ ಅಲ್ಲಿನ ಮನೆಮನೆಗೂ ಗೊತ್ತು. ಆದರೆ ಬಂಡೆಯ ಧೂಳು ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಸಿಲಿಕಾ ಎಂಬ ಈ ಧೂಳಿನ ಅತಿ ಸಣ್ಣ ಕಣಗಳು ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತವೆ. ಅವುಗಳ ಸುತ್ತ ಮೃದುವಾದ ಶ್ವಾಸಕೋಶವು ಗಾಯದ ಕಲೆಯಂತೆ ಗಡಸಾಗುತ್ತ ಹೋಗುತ್ತದೆ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯಬಹುದು. ಗುಣಪಡಿಸುವ ಔಷಧಿ ಇಲ್ಲ. ಸಿಲಿಕೋಸಿಸ್ ಎಂದು ಇದರ ಹೆಸರು. ಭಾರತದಲ್ಲಿ ಈ ರೋಗವು ಮೊತ್ತಮೊದಲಿಗೆ ವರದಿಯಾದುದು ಕೋಲಾರದ ಗಣಿಗಳಿಂದ, 1947ರಲ್ಲಿ. ಎಷ್ಟೋ ಕಡೆ ಇದನ್ನು ಕ್ಷಯವೆಂದೇ ತಿಳಿದು ಚಿಕಿತ್ಸೆ ಮಾಡುವುದುಂಟು. ಸಿಲಿಕೋಸಿಸ್ ಬಂದವನಿಗೆ ಕ್ಷಯವೂ ಬೇಗ ಅಂಟುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ.

ಇದಕ್ಕೆ ಪರಿಹಾರವಾದರೂ ಏನು? ಬೈರಿಗೆಯ ಮೊನೆಗೆ ನೀರು ಹರಿಸುವುದು. ಒದ್ದೆಯಾದ ಧೂಳು ಹಾರುವುದಿಲ್ಲ, ಕೆಸರಾಗಿ ಕೆಳಗಿಳಿಯುತ್ತದೆ. ಇಷ್ಟು ಸರಳವಾದ ಉಪಾಯಕ್ಕೆ ವಿಜ್ಞಾನಿಯೇ ಬೇಕೆಂದಿಲ್ಲ. ಆದರೆ ನೀರಿನ ಕೊಳವೆಯನ್ನು ಹಾಕಿಸುವವನು ಮಾಲೀಕನೇ ಹೊರತು ಬೈರಿಗೆ ಹಿಡಿದವನಲ್ಲ. ಗಣಿಗಳ ವಿಷಯದಲ್ಲಿ 1966ರಲ್ಲಿ ನಿಯಮಗಳು ರಚಿತವಾಗಿ, ಗಣಿಗೆ ಇಳಿಯುವವನಿಗೆ ಮೊದಲು ತರಬೇತಿಯಾಗಬೇಕೆಂಬ ವಿಧಿ ಬಂದಿತು. ಕಲ್ಲುಕುಟಿಕನಿಗೆ, ಜಲ್ಲಿ ಕ್ರಷರಿನಲ್ಲಿ ದುಡಿಯುವ ಹೆಂಗಸಿಗೆ ಅಂಥ ಪಾಠವನ್ನು ಹೇಳುವವರು ಎಷ್ಟು ಮಂದಿ?

ಕೆಲಸಕ್ಕೂ ಕಾಯಿಲೆಗೂ ಇರುವ ನಂಟನ್ನು ಮೊದಲು ವಿಸ್ತಾರವಾಗಿ ಬರೆದಿಟ್ಟವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜೀನಿ. ಕಸುಬುಗಾರರ ರೋಗಗಳನ್ನು ಕುರಿತ ಅವನ ಗ್ರಂಥ 1700ರಲ್ಲಿ ಪ್ರಕಟವಾಯಿತು. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬೇನು’ ಎಂಬುದನ್ನೂ ಕೇಳಬೇಕೆಂದು ಅವನು ವೈದ್ಯರಿಗೆ ಹೇಳಿದನು. ಅವನ ಆಲೋಚನೆ ಇತ್ತ ಹರಿದುದಕ್ಕೆ ಕಾರಣವಾದ ಪ್ರಸಂಗ ನಮಗೆ ಹತ್ತಿರದ್ದು. ಮೊಡೆನಾ ನಗರದಲ್ಲಿ ಅವನ ಮನೆಯ ಮಲಗುಂಡಿಯನ್ನು ಬರಿದುಮಾಡಲು ಬಂದವನು ಬಹಳ ಅವಸರದಿಂದ ದುಡಿಯುತ್ತಿದ್ದನು. ಏಕಿಷ್ಟು ಆತುರ ಎಂದು ಕೇಳಿದಾಗ, ಅಲ್ಲಿ ಹೆಚ್ಚು ಹೊತ್ತು ನಿಂತರೆ ಕಣ್ಣೇ ಹೋಗುತ್ತದೆ ಎಂದು ಅವನು ಉತ್ತರ ಕೊಟ್ಟನು. ಮುನ್ನೂರು ವರ್ಷಗಳಿಗೂ ಹಿಂದಿನ ಮಾತು ಇದು.

ಇಂದಿಗೂ ನಮ್ಮ ನಗರಗಳಲ್ಲಿ ಮ್ಯಾನ್‌ಹೋಲ್‌ಗೆ ಇಳಿದವರು ಸತ್ತ ಸುದ್ದಿಯನ್ನು ನಾವು ಓದುತ್ತಿದ್ದೇವೆ. ಇಲ್ಲಿ ಕೊಲ್ಲುವುದು ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ಕೊಳೆತ ಮೊಟ್ಟೆಯ ವಾಸನೆ ಅದಕ್ಕೆ. ಆದರೆ ಪ್ರಮಾಣ ಹೆಚ್ಚಿದಾಗ ಅದು ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಂಡವನು ಮರುಕ್ಷಣದಲ್ಲಿ ಬೀಳುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನನ್ನು ಹುಡುಕಿ ಮತ್ತೊಬ್ಬ. ಹೀಗೆ ಒಂದೇ ಗುಂಡಿಯಲ್ಲಿ ಮೂವರು ನಾಲ್ವರು ಸತ್ತ ಪ್ರಸಂಗಗಳಲ್ಲಿ ಮೊದಲನೆಯವನನ್ನು ಬಿಟ್ಟರೆ ಉಳಿದವರೆಲ್ಲ ಉಳಿಸಲು ಹೋದವರೇ. ಎಂಥ ದೊಡ್ಡ ಮನಸ್ಸು, ಎಷ್ಟು ವ್ಯರ್ಥವಾದ ಸಾವು! ಹಾಳುಬಾವಿಗೂ ಇದೇ ಮಾತು ಸಲ್ಲುತ್ತದೆ. ಯಾರಾದರೂ ಅಂಥ ಕಡೆ ಒಳಗೆ ಬಿದ್ದುದನ್ನು ಕಂಡರೆ ನೀವು ಇಳಿಯಬೇಡಿ. ದೊಡ್ಡವರನ್ನು ಕೂಗಿ, 112ಕ್ಕೆ ಕರೆ ಮಾಡಿಸಿ. ಉಸಿರಾಟದ ಉಪಕರಣ ತೊಟ್ಟವರು ಮಾತ್ರ ಕೆಳಗಿಳಿಯಬಹುದು.

ಈ ಕೆಲಸವನ್ನು ಮನುಷ್ಯರಿಂದ ಮಾಡಿಸುವುದನ್ನು ತಡೆಯಲು 2013ರಲ್ಲಿ ಕಾನೂನೇ ಆಯಿತು. ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ಹೋರಾಟದಲ್ಲಿ ಮುಂದೆ ನಿಂತ ಬೆಜವಾಡ ವಿಲ್ಸನ್ ಅವರು ಹುಟ್ಟಿ ಬೆಳೆದುದು ಅದೇ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಗುಂಡಿಗೆ ಇಳಿಯುವವನಿಗೆ ಇಲ್ಲಿ ಯಾವ ತರಬೇತಿ ಕೊಟ್ಟರೂ ಸಾಲದು. ಅವನನ್ನು ಇಳಿಸಕೂಡದು ಎಂಬುದನ್ನು ಗುತ್ತಿಗೆದಾರನೂ ಮನೆಯ ಯಜಮಾನನೂ ಕಲಿಯಬೇಕಾಗಿದೆ. ಮನೆಯ ಯಜಮಾನನೂ ಇಲ್ಲಿ ಉದ್ಯೋಗದಾತನೇ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ತಿಳಿವಳಿಕೆಯನ್ನು ಬಚ್ಚಿಟ್ಟರೆ ಏನಾಗುತ್ತದೆಂಬುದನ್ನು ಭೋಪಾಲ ಕಂಡಿತು. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಒಂದು ತೊಟ್ಟಿಗೆ ನೀರು ಸೇರಿ ಮಿಥೈಲ್ ಐಸೊಸಯನೇಟ್ ಎಂಬ ವಿಷಾನಿಲ ಊರಿನ ಮೇಲೆ ಹರಿಯಿತು. ಸಾವಿರಾರು ಜನ ಸತ್ತರು. ತೊಟ್ಟಿಯನ್ನು ತಂಪಾಗಿಡುವ ವ್ಯವಸ್ಥೆಯನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು; ಸೋರಿದ ಅನಿಲವನ್ನು ಸುಡುವ ಗೋಪುರ ದುರಸ್ತಿಗಾಗಿ ಬೇರ್ಪಟ್ಟಿತ್ತು; ಖರ್ಚು ಉಳಿಸಲು ಕೆಲಸಗಾರರ ಸಂಖ್ಯೆಯನ್ನು ತಗ್ಗಿಸಿದ್ದರು. 1981ರಲ್ಲಿಯೇ ಫಾಸ್ಜೀನ್ ಅನಿಲದಿಂದ ಒಬ್ಬ ಕಾರ್ಮಿಕ ಅಲ್ಲಿ ಸತ್ತಿದ್ದನು. ಗೋಡೆಯಾಚೆ ಮಲಗಿದ್ದವರಿಗೆ ಒಳಗೆ ಏನಿದೆಯೆಂದು ಯಾರೂ ಹೇಳಿರಲಿಲ್ಲ. ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದಿದ್ದರೆ ಎಷ್ಟೋ ಮಂದಿಗೆ ಸಹಾಯವಾಗುತ್ತಿತ್ತು. ಒಂದು ಬಟ್ಟೆ, ಒಂದು ತಂಬಿಗೆ ನೀರು. ಅದು ಪ್ರತಿ ಮನೆಯಲ್ಲೂ ಇತ್ತು.

ಆ ದುರಂತದ ತರುವಾಯ 1987ರಲ್ಲಿ ಕಾರ್ಖಾನೆಗಳ ಅಧಿನಿಯಮಕ್ಕೆ ತಿದ್ದುಪಡಿಯಾಯಿತು. ಅಪಾಯಕರ ಕಾರ್ಖಾನೆಯ ಒಡೆಯನು ಅಪಾಯವೇನೆಂಬುದನ್ನು ಕಾರ್ಮಿಕರಿಗೂ ನೆರೆಯವರಿಗೂ ತಿಳಿಸಬೇಕು, ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಆಡಳಿತದವರೂ ಸಮಸಂಖ್ಯೆಯಲ್ಲಿ ಕೂರಬೇಕು ಎಂದಾಯಿತು. ತರಬೇತಿ ಪಡೆಯುವುದು ಕಾರ್ಮಿಕನ ಹಕ್ಕೆಂದು ಬರೆಯಲಾಯಿತು. ಬಹಳ ದೊಡ್ಡ ಮಾತದು, ದುಬಾರಿ ಬೆಲೆಗೆ ಬಂದದ್ದು. ಈಗ ಆ ಅಧಿನಿಯಮದ ಸ್ಥಾನದಲ್ಲಿ, 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಸಂಹಿತೆಯು 2025ರ ನವೆಂಬರಿನಿಂದ ಜಾರಿಗೆ ಬಂದಿದೆ. ನೇಮಕದ ಪತ್ರ, ವರ್ಷಕ್ಕೊಮ್ಮೆ ಉಚಿತ ವೈದ್ಯಕೀಯ ತಪಾಸಣೆ ಮೊದಲಾದ ಒಳ್ಳೆಯ ಅಂಶಗಳು ಅದರಲ್ಲಿವೆ. ಆದರೆ ಹತ್ತು ಜನರಿಗಿಂತ ಕಡಿಮೆ ಇರುವ ಸಣ್ಣ ವರ್ಕ್‌ಶಾಪುಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಯ ಹೊರಗೇ ಉಳಿದಿವೆ. ಬೆರಳು ಹೋಗುವುದು ಅಂಥಲ್ಲಿಯೇ ಅಲ್ಲವೆ?

ಸಣ್ಣ ಮಾಲೀಕನ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ಅವನೂ ಸಾಲ ಮಾಡಿ ಹಳೆಯ ಯಂತ್ರ ತಂದವನು. ಅನೇಕ ವೇಳೆ ಮಗ್ಗುಲಿನ ಯಂತ್ರದಲ್ಲಿ ತಾನೇ ದುಡಿಯುತ್ತಿರುವವನು. ಜಾಲರಿ ಹಾಕಿದರೆ ದಿನಕ್ಕೆ ನೂರು ತುಂಡು ಕಡಿಮೆಯಾಗುತ್ತದೆಂದು ಅವನು ಹೇಳುವುದು ಸುಳ್ಳಲ್ಲ. ಇನ್ನು ಕಾರ್ಮಿಕರೂ ಮುಖಗವಸನ್ನು ಕತ್ತಿಗೆ ಇಳಿಸಿಕೊಂಡು ನಿಲ್ಲುವುದುಂಟು. ಬಿಸಿಲಿನಲ್ಲಿ ಅದನ್ನು ಎಂಟು ಗಂಟೆ ತೊಟ್ಟು ನೋಡಿದವರು ಅವರನ್ನು ಬೈಯಲಾರರು. ‘ನನಗೇನಾಗುತ್ತೆ’ ಎಂಬ ಗಂಡುಮೆಟ್ಟಿನ ಹಮ್ಮನ್ನು ಮಾತ್ರ ನಾನು ಒಪ್ಪುವುದಿಲ್ಲ. ಇಪ್ಪತ್ತು ವರ್ಷ ಏನೂ ಆಗಲಿಲ್ಲವೆಂಬ ಮೇಸ್ತ್ರಿಯ ಮಾತನ್ನು ಹೊಸ ಹುಡುಗರು ಬೇಗ ನಂಬುತ್ತಾರೆ.

ತರಬೇತಿಯೆಂದರೆ ಪರದೆಯ ಮೇಲೆ ಚಿತ್ರ ತೋರಿಸಿ ಸಹಿ ಹಾಕಿಸಿಕೊಳ್ಳುವುದಲ್ಲ. ಅದು ಯಂತ್ರದ ಎದುರಿಗೆ, ಕೂಲಿ ಕಡಿತವಾಗದ ಹೊತ್ತಿನಲ್ಲಿ, ಕಲಿಯುವವನ ಮಾತಿನಲ್ಲಿ ನಡೆಯಬೇಕು. ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಕೇಳಿದರೆ ಅವನ ಕೈ ಯೋಚಿಸದೆ ಅತ್ತ ಹೋಗುವವರೆಗೂ ನಡೆಯಬೇಕು. ಈಗ ನಮ್ಮ ಕಲ್ಲುಗಣಿಗಳಲ್ಲಿ, ಕಟ್ಟಡಗಳಲ್ಲಿ ಒಡಿಶಾದಿಂದ, ಬಿಹಾರದಿಂದ ಬಂದವರು ದುಡಿಯುತ್ತಿದ್ದಾರೆ. ಅವರಲ್ಲಿ ಹಲವರಿಗೆ ಕನ್ನಡದ ಫಲಕವೂ ಒಂದೇ, ಇಂಗ್ಲಿಷಿನದೂ ಒಂದೇ. ನನ್ನ ಊರಿನ ದಾರಿಯಲ್ಲಿ ಎರಡು ಜಲ್ಲಿ ಕ್ರಷರುಗಳಿವೆ. ಎರಡರ ಬಾಗಿಲಲ್ಲಿಯೂ ಫಲಕವಿದೆ. ಕಲ್ಲನ್ನು ಅಗಿಯುವ ದವಡೆಯ ಮೇಲೆ ನೀರು ಚಿಮುಕಿಸುವ ಕೊಳವೆ ಎಲ್ಲಿ ಓಡುತ್ತಿದೆ, ಎಲ್ಲಿ ನಿಂತಿದೆ ಎಂದು ತಿಳಿಯಲು ಒಳಗೆ ಹೋಗಬೇಕಾಗಿಲ್ಲ. ಒಂದರ ಬೇಲಿಯ ಪಕ್ಕದ ಹೊಂಗೆಮರಗಳು ಹಸಿರಾಗಿವೆ. ಇನ್ನೊಂದರ ಪಕ್ಕದವು ಮಳೆಗಾಲದಲ್ಲಿ ಕೂಡ ಬೂದಿ ಬಣ್ಣಕ್ಕಿವೆ.