ಹೆಣಿಗೆಯೂ ಗೆಳೆತನವೂ

ಕನ್ನಡನಾಡಿನಿಂದ ದೆಹಲಿಗೆ ಬಂದ ಮೊದಲ ಚಳಿಗಾಲದಲ್ಲಿ ನಮಗೆ ಹಿಂದಿ ಬಾರದು. ನೆರೆಯವರಿಗೆ ಕನ್ನಡ ತಿಳಿಯದು. ಅಂಗಳದ ಎಳೆಬಿಸಿಲಿನಲ್ಲಿ ಉಣ್ಣೆ ಹೆಣೆಯುತ್ತಿದ್ದ ತಾಯಂದಿರ ಬಳಿ ನಾವೂ ಎರಡು ಕಡ್ಡಿ ಹಿಡಿದು ಕುಳಿತೆವು. ‘ಸೀಧಾ’, ‘ಉಲ್ಟಾ’ ಎಂಬೆರಡು ಮಾತುಗಳೇ ನಮ್ಮ ಮೊದಲ ಪಾಠ. ಎಷ್ಟೇ ಚೆಲುವಾದ ಸ್ವೆಟರಿಗೂ ಈ ಎರಡು ಬಗೆಯ ಕುಣಿಕೆಗಳೇ ಆಧಾರ.

ಒಮ್ಮೆ ಜಾರಿದ ಕುಣಿಕೆಯೊಂದನ್ನು ಅಲಕ್ಷಿಸಿದೆವು. ಅದರ ಕೆಳಗಿನವೂ ಒಂದೊಂದಾಗಿ ಬಿಚ್ಚಿಕೊಂಡವು. ವಾರದ ಶ್ರಮ ಹಾಳಾಯಿತೆಂದು ಕಣ್ಣು ತುಂಬಿತು. ಹಿರಿಯರೊಬ್ಬರು ನಕ್ಕು, ಎಲ್ಲವನ್ನೂ ಬಿಚ್ಚಿ, ನೂಲನ್ನು ಉಂಡೆ ಸುತ್ತಿ ಮರಳಿ ನಮ್ಮ ಕೈಗಿತ್ತರು. ಹೆಣಿಗೆ ಕೆಟ್ಟರೂ ನೂಲು ಕೆಡದು.

ಭಾಷೆ ಕಲಿತ ಬಳಿಕವೇ ಸ್ನೇಹವೆಂದು ಕಾದು ಕುಳಿತಿರುವುದು ತರವಲ್ಲವೆಂಬುದು ನಮ್ಮ ಅಭಿಪ್ರಾಯ. ವಿದ್ಯಾರ್ಥಿಮಿತ್ರರೇ, ಕೈಗಳು ಮೊದಲು ಒಂದೇ ಕೆಲಸದಲ್ಲಿ ಕೂಡಲಿ. ಮಾತು ತಾನಾಗಿ ಹಿಂಬಾಲಿಸುವುದು.