ಕೊಂದವನ ಹೆಸರು, ಸತ್ತವರ ಲೆಕ್ಕ

ಕೊಲೆಯ ಸುದ್ದಿ ಯಾರಿಗೂ ಇಷ್ಟವಿಲ್ಲ. ಆದರೆ ಅದನ್ನು ಓದದೆ ಬಿಟ್ಟವರನ್ನು ತೋರಿಸಿ ನೋಡೋಣ! ಹೋಟೆಲಿನಲ್ಲಿ ಪತ್ರಿಕೆಯ ಹಾಳೆಗಳು ಬಿಡಿಬಿಡಿಯಾಗಿ ಹಂಚಿಹೋಗುವಾಗ ಮೊದಲು ಕೈ ಬದಲಾಯಿಸುವುದು ಅದೇ ಪುಟ. ‘ಅಯ್ಯೋ, ಎಂಥಾ ಕಾಲ ಬಂತಪ್ಪಾ’ ಎನ್ನುತ್ತಲೇ ಕೊನೆಯ ಸಾಲಿನವರೆಗೂ ಓದುತ್ತೇವೆ. ಕಾಫಿ ಆರಿಹೋದದ್ದು ಗೊತ್ತಾಗುವುದು ಆಮೇಲೆ.

ಇದು ಈಗಿನ ಕಾಲದ ಚಟವೇನೂ ಅಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಕಥೆಗಳನ್ನೇ ನೋಡಿ. ತಂದೆಯ ಮಾತಿಗೆ ಕಟ್ಟುಬಿದ್ದು ತಾಯಿಯ ತಲೆ ಕಡಿದ ಪರಶುರಾಮ, ಆ ಪಾಪ ಕಳೆದುಕೊಳ್ಳಲು ಬಂದದ್ದು ನಂಜನಗೂಡಿನ ಕಪಿಲೆಯ ದಡಕ್ಕೆ ಎಂದು ಸ್ಥಳಪುರಾಣ. ಶ್ರೀಕಂಠೇಶ್ವರನ ದರ್ಶನಕ್ಕೆ ಬಂದವರು ಪರಶುರಾಮನ ಗುಡಿಗೂ ಹೋಗಿಬರುವುದು ವಾಡಿಕೆ. ಆದರೆ ಒಂದು ಮಾತು ಗಮನಿಸಿ. ಕೊಡಲಿ ಎತ್ತಿದ ಮಗನಿಗಿಂತ ಹೆಚ್ಚು ಗುಡಿಗಳಿರುವುದು ತಾಯಿಗೆ. ರೇಣುಕೆ ಎಲ್ಲಮ್ಮನಾಗಿ ಸವದತ್ತಿಯ ಗುಡ್ಡದಿಂದ ಹಿಡಿದು ಸಣ್ಣಪುಟ್ಟ ಹಳ್ಳಿಗಳವರೆಗೂ ನೆಲೆ ನಿಂತಿದ್ದಾಳೆ.

ನರಸೀಪುರ ತಾಲ್ಲೂಕಿನ ತಲಕಾಡಿನದು ಇನ್ನೊಂದು ಕಥೆ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿತು. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮ ಒಡವೆಗಳೊಂದಿಗೆ ತಲಕಾಡಿನ ಕಡೆ ಬಂದಳು. ಒಡವೆ ಕೇಳಿಕೊಂಡು ಸೈನಿಕರು ಬೆನ್ನಟ್ಟಿದಾಗ ಶಾಪ ಹಾಕಿ ಮಾಲಂಗಿಯ ಮಡುವಿಗೆ ಹಾರಿದಳು ಎನ್ನುತ್ತಾರೆ. ಅವಳ ಮೇಲೆ ಯಾರೂ ಕತ್ತಿ ಎತ್ತಲಿಲ್ಲ. ಆದರೂ ಜನ ಅದನ್ನು ಬರಿಯ ಆತ್ಮಹತ್ಯೆ ಎಂದು ಬಿಡಲಿಲ್ಲ. ತಲಕಾಡಿನ ಮರಳನ್ನು ತೋರಿಸಿ ಇಂದಿಗೂ ಹೇಳುವ ಹೆಸರು ಗೆದ್ದ ಅರಸನದಲ್ಲ, ಸತ್ತ ಹೆಂಗಸಿನದು.

ಇವು ಐತಿಹ್ಯಗಳಾದವು. ಪುಸ್ತಕದಲ್ಲಿ ದಾಖಲಾದ ಘೋರ ಕಥೆಯೂ ನಂಜನಗೂಡಿಗೆ ಅಂಟಿಕೊಂಡಿದೆ. ಚಿಕ್ಕದೇವರಾಜ ಒಡೆಯರು (1673–1704) ಕಂದಾಯ ಏರಿಸಿದಾಗ ರೈತರು ದಂಗೆ ಎದ್ದರು. ಅವರಿಗೆ ಬೆಂಬಲವಾಗಿ ನಿಂತರೆಂದು ಜಂಗಮರನ್ನು ಉಪಾಯದಿಂದ ನಂಜನಗೂಡಿಗೆ ಕರೆಸಿ, ಒಬ್ಬೊಬ್ಬರನ್ನೇ ಒಳಗೆ ಬಿಟ್ಟು ಸುಮಾರು 400 ಮಂದಿಯ ತಲೆ ಕಡಿಸಿದರು ಎಂದು ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಅವನ ಇತಿಹಾಸದ ಮೊದಲ ಸಂಪುಟ ಬಂದದ್ದು 1810ರಲ್ಲಿ, ಅಂದರೆ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಆದ್ದರಿಂದ ಪ್ರತಿ ವಿವರವನ್ನೂ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ಆ ಕಾಲದ ಮಂತ್ರಿ ವಿಶಾಲಾಕ್ಷ ಪಂಡಿತನೂ 1686ರಲ್ಲಿ ಕೊಲೆಯಾದ. ಅರಸನ ಹೆಸರು ಉಳಿದಿದೆ, ಮಂತ್ರಿಯ ಹೆಸರು ಉಳಿದಿದೆ. ವಿಲ್ಕ್ಸ್ ಹೇಳುವ ಆ 400 ಮಂದಿ ಯಾರು? ಅವರು ಬರಿಯ ಲೆಕ್ಕ!

ಅರಸರ ಕಾಲ ಹೋಯಿತು, ಈಗೇನು ಎನ್ನುತ್ತೀರಾ? ಈ ಎರಡೂ ತಾಲ್ಲೂಕಿನವರು ದಿನಾ ಬಸ್ಸಿಳಿಯುವ ಮೈಸೂರಿಗೇ ಬನ್ನಿ. ‘ಸಯನೈಡ್ ಮೋಹನ್’ ಎಂದರೆ ಯಾರೆಂದು ಕೇಳುವವರಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕನಾಗಿದ್ದ ಮೋಹನ್ ಕುಮಾರನ ಮೇಲೆ 2003ರಿಂದ 2009ರವರೆಗೆ 20 ಹೆಂಗಸರನ್ನು ಕೊಂದ ಆರೋಪ ಬಂತು. ಮದುವೆಯಾಗುತ್ತೇನೆಂದು ನಂಬಿಸಿ ದೂರದ ಊರಿಗೆ ಕರೆತರುವುದು, ಲಾಡ್ಜಿನಲ್ಲಿ ತಂಗುವುದು, ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ ಬಸ್ ನಿಲ್ದಾಣಕ್ಕೆ ಕರೆದೊಯ್ಯುವುದು, ಗರ್ಭ ತಡೆಯುವ ಮಾತ್ರೆ ಎಂದು ಸಯನೈಡ್ ಕೊಟ್ಟು ಶೌಚಾಲಯಕ್ಕೆ ಕಳಿಸುವುದು. ಮೈಸೂರು, ಮಡಿಕೇರಿ, ಹಾಸನ ಮುಂತಾದ ಕಡೆ ಹೀಗೆ ಹೆಣಗಳು ಬಿದ್ದವು. ಎಷ್ಟೋ ಸಲ ಅದು ಗುರುತು ಸಿಗದ ಶವ, ಅಸಹಜ ಸಾವು ಎಂದು ಆಯಾ ಠಾಣೆಯ ಕಡತ ಸೇರಿತು. ಒಂದು ಊರಿನ ಕಡತ ಇನ್ನೊಂದು ಊರಿನ ಕಡತದೊಂದಿಗೆ ಮಾತಾಡಲಿಲ್ಲ.

ಕಾಣೆಯಾದವರ ಮನೆಯವರು ಏನು ಮಾಡುತ್ತಿದ್ದರು? ಹೆಚ್ಚಿನವರು ದಕ್ಷಿಣ ಕನ್ನಡದ ಕಡೆಯ ಬಡವರು, ವರದಕ್ಷಿಣೆ ಹೊಂದಿಸಲಾಗದೆ ಮಗಳ ಮದುವೆ ಮುಂದೂಡಿದವರು. ಮಗಳು ಯಾರೊಂದಿಗೋ ಹೋಗಿದ್ದಾಳೆ, ಎಲ್ಲೋ ಸುಖವಾಗಿರಲಿ ಎಂದು ಸುಮ್ಮನಾದವರಿದ್ದರು. ಠಾಣೆಗೆ ಹೋದರೆ ಮಾನ ಹೋಗುತ್ತದೆ ಎಂದು ಹೆದರಿದವರೂ ಇದ್ದರು. ಆ ಹೆದರಿಕೆ ಹುಟ್ಟಿಸಿದ್ದು ಊರಿನ ನಾಲಿಗೆ. ‘ಓಡಿಹೋದಳಂತೆ’ ಎಂಬ ಒಂದು ಮಾತು ಕೊಲೆಗಾರನಿಗೆ ಸಯನೈಡಿನಷ್ಟೇ ಉಪಕಾರ ಮಾಡಿತು. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಜನ ಸುಮ್ಮನಿರಲಿಲ್ಲ, ಬೀದಿಗಿಳಿದರು. ಪೊಲೀಸರು ಮೊಬೈಲ್ ಕರೆಗಳ ಜಾಡು ಹಿಡಿದರು. ಆರು ವರ್ಷಗಳ ಗಂಟು ಬಿಚ್ಚಿಕೊಂಡಿತು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಗಲ್ಲು ಶಿಕ್ಷೆ ವಿಧಿಸಿತು. ಆ ಯುವತಿಯ ಪ್ರಕರಣದಲ್ಲಿ ಹೈಕೋರ್ಟು 2017ರಲ್ಲಿ ಅದನ್ನು ಸಾಯುವವರೆಗಿನ ಸೆರೆಯಾಗಿ ಬದಲಿಸಿತು. 20ನೆಯ, ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ.

ಈಗ ನಾವು ಬಾಯಿ ಚಪ್ಪರಿಸಿ ಹೇಳುವುದು ಏನನ್ನು? ಅವನು ಹೇಗೆ ಮರುಳು ಮಾಡಿದ, ಸಯನೈಡ್ ಎಲ್ಲಿಂದ ತಂದ, ನ್ಯಾಯಾಲಯದಲ್ಲಿ ಹೇಗೆ ವಾದಿಸಿದ ಎಂಬುದನ್ನು. ಅವನಿಗೊಂದು ಬಿರುದನ್ನೂ ಕೊಟ್ಟಿದ್ದೇವೆ. ಆ ಹೆಂಗಸರಲ್ಲಿ ಬೀಡಿ ಕಟ್ಟುತ್ತಿದ್ದವರು ಯಾರು, ಮನೆಯ ಸಾಲ ತೀರಿಸುತ್ತಿದ್ದವರು ಯಾರು ಎಂದು ವಿಚಾರಿಸುವವರು ಕಡಿಮೆ. ಓದುಬರಹ ಬಾರದ ನಮ್ಮ ಅಜ್ಜಿಯರು ಕಥೆ ಹೇಳುವಾಗ ಸತ್ತವಳನ್ನು ಮರೆಯುತ್ತಿರಲಿಲ್ಲ. ರೇಣುಕೆಗೆ ಗುಡಿ ಕೊಟ್ಟರು, ಅಲಮೇಲಮ್ಮನ ಬಾಯಿಗೆ ಅರಮನೆಯನ್ನೇ ನಡುಗಿಸುವ ಮಾತು ಕೊಟ್ಟರು. ನಾವು ಮಾತ್ರ ಸತ್ತವರನ್ನು ವಿಲ್ಕ್ಸನ 400ರ ಹಾಗೆ ಲೆಕ್ಕಕ್ಕೆ ಇಳಿಸಿಬಿಟ್ಟೆವು.

ಕೊಲೆಯ ಸುದ್ದಿ ಓದಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಓದಿ. ಆದರೆ ನಿಮ್ಮ ಬೀದಿಯಲ್ಲಿ ಯಾರಾದರೂ ‘ಅವರ ಮಗಳು ಓಡಿಹೋದಳಂತೆ’ ಎಂದು ಕಿವಿ ಕಚ್ಚಿದರೆ, ಯಾರ ಜೊತೆ ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ‘ಠಾಣೆಯಲ್ಲಿ ಕಂಪ್ಲೇಂಟು ಬರೆಸಿದ್ದಾರಾ?’